ಕೆಳಗಿನ ಸ್ವರ ಯಾರದ್ದು?

ಸಿ.ಡಿ.ಯ ಡಬ್ಬಿ ತೆರೆದ ಕೂಡಲೇ ರಬ್ಬರ್ ಶೀಟಿನ ಹೊಗೆವಾಸನೆ ಮೂಗಿಗೆ ಬಡಿಯಿತು. ಸರ್ ತೀರಿಕೊಂಡ ಮೇಲೆ ಅವರ ಮಗಳು ಅದನ್ನು ನನಗೆ ತಂದುಕೊಟ್ಟಿದ್ದಳು. ರಷ್ಯಾದ ಚರ್ಚ್ ಗಾಯನ. ಹಳೆಯದಲ್ಲ, ಈ ಕಾಲದವರು ರಚಿಸಿದ್ದು. ಇದು ನಮ್ಮ ತಲೆ ತಿಂದಷ್ಟು ಇನ್ನಾವುದೂ ತಿಂದಿಲ್ಲ.

ನೆಲ್ಯಾಡಿಯ ನಮ್ಮ ಸಣ್ಣ ಚರ್ಚಿನಲ್ಲಿ ಸರ್ ಹಾಡು ಕಲಿಸುತ್ತಿದ್ದರು. ರಷ್ಯಾದಲ್ಲಿ ಡಾಕ್ಟರ್ ಓದುತ್ತಿದ್ದ ಅವರ ಅಕ್ಕನ ಮಗ ರಜೆಯಲ್ಲಿ ಈ ಸಿ.ಡಿ. ತಂದ. ಅಷ್ಟೇ, ನಮ್ಮ ಗ್ರಹಚಾರ ಕೆಟ್ಟಿತು. ಅದರಲ್ಲಿ ವಾದ್ಯ ಒಂದೂ ಇಲ್ಲ, ಬರೀ ಕಂಠ. ಎಲ್ಲರ ಸ್ವರದ ಅಡಿಯಲ್ಲಿ ಒಂದು ಗಂಡುಸ್ವರ, ನೆಲವೇ ಗುನುಗಿದ ಹಾಗೆ. ಮರುವಾರವೇ ಸರ್ ಚರ್ಚಿನ ಕೀಬೋರ್ಡಿಗೆ ಬಟ್ಟೆ ಹೊದಿಸಿದರು. ಅವರ ಮನೆಯಲ್ಲಿ, ರಬ್ಬರ್ ಶೀಟ್ ಒಣಗಿಸುವ ಹೊಗೆಮನೆಯ ಪಕ್ಕದ ಕೋಣೆಯಲ್ಲಿ ಅಭ್ಯಾಸ. ನಾವು ಹೆಂಗಸರು ಕೆಮ್ಮುತ್ತಾ ಕಾಯಬೇಕು, ಅವರು ಗಂಡಸರನ್ನು ಸಾಲಾಗಿ ನಿಲ್ಲಿಸಿ “ಇನ್ನೂ ಕೆಳಗೆ, ಇನ್ನೂ ಕೆಳಗೆ” ಎನ್ನಬೇಕು. “ಇನ್ನು ಇಳಿದ್ರೆ ಬಾವಿಗೇ ಬೀಳುದು ಸರ್,” ಎಂದರು ರಬ್ಬರ್ ಟ್ಯಾಪಿಂಗ್ ಮಾಡುವ ಅಣ್ಣ. ಆ ಸ್ವರ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನನಗೂ ಸಾಕಾಗಿತ್ತು. ಬಿಟ್ಟುಬಿಡಿ ಸರ್ ಎಂದು ಹೇಳಿಯೇಬಿಟ್ಟೆ.

“ನನ್ನ ಕಿವಿ ಹೋಗ್ತಾ ಉಂಟು,” ಎಂದರು. “ಎಂತದೂ ಮಾಡ್ಲಿಕ್ಕಾಗುದಿಲ್ಲ ಅಂದ್ರು ಪುತ್ತೂರಿನ ಡಾಕ್ಟ್ರು. ಪೂರ್ತಿ ಹೋಗುವ ಮೊದ್ಲು ಇದನ್ನು ಒಮ್ಮೆ ನಮ್ಮವರ ಬಾಯಲ್ಲಿ ಕೇಳ್ಬೇಕು.”

ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಆದರೂ ಮಾಡಿಕೊಂಡೆ…

ಈಸ್ಟರ್ ದಿನ ಬೆಳಿಗ್ಗೆ, ಜನರಿಗೆ ಬೆನ್ನು ಹಾಕಿ ಸರ್ ಕೈಯೆತ್ತಿದರು. ಎಲ್ಲಕ್ಕಿಂತ ಮೆಲ್ಲಗೆ ಹಾಡಬೇಕಾದ ಜಾಗ ಬಂತು. ಕೀಬೋರ್ಡ್ ಕೇಳಿಸುತ್ತಿಲ್ಲವಲ್ಲ, ಹೊರಗಿದ್ದ ಗಂಟೆ ಹೊಡೆಯುವ ಅಣ್ಣ ಕರೆಂಟು ಹೋಗಿದೆ ಎಂದುಕೊಂಡರು. ಓಡಿಹೋಗಿ ಜನರೇಟರ್ ಸುರು ಮಾಡಿದರು. ಗೋಡೆಯಾಚೆಯಿಂದ ಗುಂಯ್… ಇಷ್ಟು ತಿಂಗಳು ಹೊಗೆ ಕುಡಿದದ್ದು ಇದಕ್ಕಾ? ಸರ್ ಮಾತ್ರ ಕಣ್ಣು ಮುಚ್ಚಿಕೊಂಡು ಕೈ ಆಡಿಸುತ್ತಲೇ ಇದ್ದರು.

ಮುಗಿಸಿ ಹೊರಗೆ ಬಂದಾಗ ಅವರ ಕೆನ್ನೆ ಒದ್ದೆಯಾಗಿತ್ತು. “ಆ ಕೆಳಗಿನ ಸ್ವರ ಯಾರದ್ದು ಮಾರಾಯ್ರೆ? ಇಷ್ಟು ದಿನ ಎಲ್ಲಿ ಅಡಗಿಸಿ ಇಟ್ಟಿದ್ರಿ?”

ಜನರೇಟರಿನ ಸದ್ದನ್ನು ಅವರು ನಮ್ಮ ಸ್ವರವೆಂದೇ ಕೇಳಿಸಿಕೊಂಡಿದ್ದರು. ಕಡೆಗೆ ಟ್ಯಾಪಿಂಗ್‌ನ ಅಣ್ಣ, “ಎಲ್ಲರದ್ದೂ ಒಟ್ಟಿಗೆ ಬಂತು ಸರ್,” ಎಂದರು.

ಆಮೇಲೆ ಸರ್ ಅಭ್ಯಾಸಕ್ಕೆ ಕರೆಯಲಿಲ್ಲ. ಕೇಳಿ ಆಯಿತಲ್ಲ, ಎಂದರು. ಮುಂದಿನ ಈಸ್ಟರಿನ ಹೊತ್ತಿಗೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ…

ಕಳೆದ ತಿಂಗಳು ಅವರನ್ನು ಮಣ್ಣು ಮಾಡಿದೆವು. ಹಾಡಿನ ಗುಂಪಿಗೆ ಹೊಸದಾಗಿ ಸೇರಿದ ಹುಡುಗಿ ಅವರ ಶವಪೆಟ್ಟಿಗೆಯ ಪಕ್ಕದಲ್ಲೇ ಕೀಬೋರ್ಡ್ ಇಟ್ಟು, ತಾಳದ ಬಟನ್ನನ್ನೂ ಒತ್ತಿದಳು. ಇಲ್ಲಿ ಇದು ಬೇಕಾ ಎಂದು ಗೊಣಗಿದೆ.

“ಅವರಿಗೆ ಕೇಳ್ತದಾ ಅಕ್ಕ?” ಎಂದಳು.

ಸಿಟ್ಟು ನೆತ್ತಿಗೇರಿತು. ಸರಿಯಾಗಿ ಬಯ್ಯಬೇಕೆಂದು ಬಾಯಿ ತೆರೆದೆ, ಅಳು ಬಂತು.