ಸರ್ಕಸ್ ಹೋಟೆಲಿನಲ್ಲಿ ಅರಿಶಿನ ಕುಂಕುಮ

ಬೆಳಿಗ್ಗೆ ಎದ್ದು ತುಳಸಿಗೆ ನೀರು ಹಾಕಿದೆ. ಆಲಿಕಲ್ಲು ಬಿದ್ದೀತು ಅಂತ ಕುಂಡವನ್ನು ಗ್ಯಾರೇಜಿನೊಳಕ್ಕೆ ಎಳೆದೆ. ಹಾಲಿಗೆ ಹೆಪ್ಪು ಹಾಕಿದ ಮೇಲೆ, ಎರಡು ದಿನ ಮನೆಯಲ್ಲಿ ಇರುವುದಿಲ್ಲವಲ್ಲ ಅಂತ ನೆನಪಾಗಿ, ಪಾತ್ರೆ ಸಮೇತ ಪಕ್ಕದ ಮನೆಯವರಿಗೆ ಕೊಟ್ಟು ಬಂದೆ. ಒಲೆ ಆರಿಸಿದ್ದೀನಾ ಅಂತ ನೋಡಿದೆ. ನೋಡಿದ್ದು ನಿಜವೇ ಅಂತ ಇನ್ನೊಮ್ಮೆ ನೋಡಿದೆ. ಇಂಡಿಯನ್ ಸ್ಟೋರಿಗೆ ಹೋಗಿ ವೀಳ್ಯದೆಲೆ, ಅಡಿಕೆ ತಗೊಂಡು, ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿರುವ ಒಂದನ್ನು ಆರಿಸಿದೆ. ಅದನ್ನೆಲ್ಲ ಅರಿಶಿನ ಕುಂಕುಮದ ಭರಣಿ, ರವಿಕೆ ಕಣದ ಜೊತೆ ಕೈಚೀಲದ ತಳಕ್ಕೆ ಸೇರಿಸಿ, ಮೇಲೆ ಸ್ವೆಟರ್ ಮುಚ್ಚಿದೆ. ಕ್ಯಾಸಿನೊಗೆ ಹೊರಟ ಹೆಂಗಸಿನ ತಯಾರಿ ಇದು.

ಸ್ವೆಟರ್ ಮುಚ್ಚಿದ್ದಕ್ಕೆ ಕಾರಣವಿದೆ. ಆಸ್ಟಿನ್‌ನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಮೇಘನಾ, ಅಲ್ಲೇ ಪರಿಚಯವಾದ ವಿನೀತ್ ಅನ್ನುವ ಹುಡುಗನ ಅಪ್ಪ ಅಮ್ಮನನ್ನು ನಮಗೆ ಮೊದಲ ಸಲ ಭೇಟಿ ಮಾಡಿಸುವವಳಿದ್ದಳು. ಅವರು ಧಾರವಾಡದ ಕಡೆಯವರು, ಈಗ ಅಮೆರಿಕದ ನಮ್ಮ ರಾಜ್ಯದಲ್ಲೇ, ಶುಗರ್ ಲ್ಯಾಂಡ್‌ನಲ್ಲಿದ್ದಾರೆ. ನಾವು ಮೈಸೂರಿನವರು, ಇರುವುದು ಅಲೆನ್‌ನಲ್ಲಿ. ಯಾರ ಮನೆಯಲ್ಲಿ ಸೇರಿದರೂ ಅದು ಹೆಣ್ಣು ನೋಡುವ ಶಾಸ್ತ್ರ ಆಗಿಬಿಡುತ್ತದೆ ಅಂತ ಮಕ್ಕಳಿಗೆ ಭಯ. ಅದಕ್ಕೇ ರಾಜ್ಯದ ಗಡಿಯ ನದಿಯಾಚೆ, ಒಕ್ಲಹೋಮಾದಲ್ಲಿ, ಸರ್ಕಸ್ ಡೇರೆಯ ಹಾಗೆ ಕಟ್ಟಿರುವ ಒಂದು ಕ್ಯಾಸಿನೊ ಹೋಟೆಲನ್ನು ಹುಡುಕಿದ್ದರು. ವಾರದ ಮಧ್ಯೆ ರೂಮು ಅಗ್ಗ, ಸರ್ಕಸ್ಸು ಪುಕ್ಕಟೆ.

"ಅಮ್ಮಾ, ಜಸ್ಟ್ ಕಾಫಿ. ಕುಂಕುಮ, ಬ್ಲೌಸ್ ಪೀಸ್ ಎಲ್ಲಾ ಬೇಡ. ಐ ಹ್ಯಾವ್‌ಂಟ್ ಡಿಸೈಡೆಡ್. ಪ್ರಾಮಿಸ್?" ಅಂದಿದ್ದಳು ಫೋನಿನಲ್ಲಿ.

"ಆಯ್ತು ಕಣೇ" ಅಂದಿದ್ದೆ.

ಈಗ ನೀವೇ ಹೇಳಿ. ಮೊದಲ ಸಲ ಸಿಗುವ ಮುತ್ತೈದೆಯನ್ನು ಬರಿಗೈಲಿ ಕಳಿಸಿದರೆ, ಮೈಸೂರಿನವರು ಬಿಗುಮಾನದವರು ಅಂತ ಆಕೆ ಜನ್ಮವಿಡೀ ನೆನಪಿಟ್ಟುಕೊಳ್ಳುವುದಿಲ್ಲವೇ? ಕೊಟ್ಟೆನೋ, ಮಗಳು ಅದನ್ನೇ ನಿಶ್ಚಿತಾರ್ಥ ಅಂದುಕೊಂಡು ಬೆಚ್ಚಿ ಹಿಂದೆ ಸರಿದುಬಿಟ್ಟರೆ? ಅವಳು ಹಾಗೇ. ಹಿಂದಿನಿಂದ ತಳ್ಳಿದರೆ ಬಾಗಿಲನ್ನೇ ಹಾಕಿಕೊಳ್ಳುವವಳು. ಹುಡುಗ ಒಳ್ಳೆಯವನು ಅಂತ ನನಗೆ ಅನ್ನಿಸಿಬಿಟ್ಟಿತ್ತು. ನನ್ನ ಹೆದರಿಕೆಗೆಲ್ಲ ಮೂಲ ಅದೇ.

ಅಗ್ಗದಲ್ಲಿ ಕ್ಯಾಸಿನೊ ಅನುಭವಿಸುವ ವಿದ್ಯೆಯನ್ನು ನಮ್ಮನೆಯವರಿಂದ ಕಲಿಯಬೇಕು. ದಸರಾ ವಸ್ತುಪ್ರದರ್ಶನದಲ್ಲಿ ಓಡಾಡಿ ಪಳಗಿದ ಕಾಲು ಅವರದು. ಹೋಟೆಲು ತಲುಪಿದ್ದೇ ತಡ, ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು, ಸಾಲುಸಾಲು ಜೂಜಿನ ಮಷಿನ್‌ಗಳ ನಡುವೆ, ಎಲ್ಲವನ್ನೂ ತಾವೇ ಕೊಡಿಸಿಟ್ಟವರ ಹಾಗೆ ನಡೆದರು. ಯಾರಾದರೂ ಗೆದ್ದರೆ ನಿಂತು ತಲೆದೂಗುವುದು, ಸೋತರೆ "ತ್ಚು ತ್ಚು" ಅನ್ನುವುದು. ಹೀಗೆ ಬೇರೆಯವರ ದುಡ್ಡಿನಲ್ಲಿ ಅರ್ಧ ಗಂಟೆ ಜೂಜಾಡಿ, ಬೆವರು ಒರೆಸಿಕೊಂಡು ಬಂದರು. ನಮ್ಮಜ್ಜಿ ಚೌಕಾಬಾರ ಆಡುವಾಗ ಹುರಿದ ಹುಣಸೆಬೀಜ ಪಣ ಇಡುತ್ತಿದ್ದರು. ಗೆದ್ದವರಿಗೆ ತಿನ್ನಲು ಬೀಜ, ಸೋತವರಿಗೆ ಮುರಿಯದೆ ಉಳಿದ ಹಲ್ಲು. ಅಂಥ ಜೂಜಿನಲ್ಲಿ ಬೆಳೆದವಳಿಗೆ ಈ ಮಷಿನ್ನು ನೋಡಿದರೆ ಕೈ ತಾನಾಗಿ ಚೀಲದ ಬಾಯಿ ಹಿಡಿಯುತ್ತದೆ. ಕಿಟಕಿ ಒಂದೂ ಇಲ್ಲದ ಕಾರಣ ಹೊರಗೆ ಆಲಿಕಲ್ಲು ಬೀಳುತ್ತಿದೆಯೋ ಇಲ್ಲವೋ ಅನ್ನುವ ಚಿಂತೆ ಬೇರೆ.

ಮಕ್ಕಳಿಬ್ಬರ ಜೊತೆ ಅವರು ಬಂದರು. ವಿನೀತನ ಅಪ್ಪ ಡಾಕ್ಟರು, ಮಾತು ಕಡಿಮೆ. ಅಮ್ಮ ಗಿರಿಜಾ, ಇಳಕಲ್ ಸೀರೆ. ನನ್ನ ಹಾಗೇ ಒಂದು ದೊಡ್ಡ ಚೀಲವನ್ನು ಮಗುವಿನಂತೆ ಅಪ್ಪಿಕೊಂಡಿದ್ದರು. "ಆರಾಮದೀರೇನ್ರಿ ಅಕ್ಕಾರ?" ಅಂದರು. ನಾನು "ಚೆನ್ನಾಗಿದ್ದೀವಿ" ಅಂದೆ. ಟ್ರಾಫಿಕ್ಕು ಹೇಗಿತ್ತು ಅಂತ ಕೇಳಿದೆ. ಇತ್ತು ಅಂದರು. ಮೇಘನಾ ನನ್ನ ಚೀಲವನ್ನು ಒಂದು ನೋಟ ನೋಡಿ ವಿನೀತನ ಜೊತೆ ಕಾಫಿ ತರಲು ಹೋದಳು.

ಅಷ್ಟರಲ್ಲಿ ದೀಪ ಮಂಕಾಗಿ, ಮೇಲೆ ಉಯ್ಯಾಲೆ ಸರ್ಕಸ್ಸು ಶುರುವಾಯಿತು. ಮಿನುಗುವ ಬಟ್ಟೆಯ ಹುಡುಗಿಯೊಬ್ಬಳು ಅಷ್ಟೆತ್ತರದಲ್ಲಿ ಒಂದು ಉಯ್ಯಾಲೆ ಬಿಟ್ಟು ಇನ್ನೊಂದರ ಕಡೆ ಹಾರುವವಳಿದ್ದಳು. ಗಂಡಸರಿಬ್ಬರೂ ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ನನಗೆ ಆಗಲಿಲ್ಲ. ಕೆಳಗಿನ ಬಲೆಯನ್ನು ನೋಡಿದೆ. ನಾಲ್ಕು ಮೂಲೆಯಲ್ಲೂ ಸರಿಯಾಗಿ ಕಟ್ಟಿದ್ದಾರಾ, ಆ ಬಲಗಡೆಯ ಗಂಟು ಸ್ವಲ್ಪ ಸಡಿಲ ಇದ್ದಂತಿದೆಯಲ್ಲ ಅಂತ ಕಣ್ಣು ಅಲ್ಲೇ ನೆಟ್ಟಿತು.

"ಆ ಬಲಗಡಿ ಗಂಟ ಸಡ್ಲ ಆಗೇತೇನ್ರಿ?" ಅಂತ ಪಕ್ಕದಲ್ಲೇ ಪಿಸುಮಾತು ಕೇಳಿಸಿತು.

ತಿರುಗಿದೆ. ಗಿರಿಜಾ ಕೂಡ ಬಲೆಯನ್ನೇ ನೋಡುತ್ತಿದ್ದರು. ಹುಡುಗಿ ಕೈಬಿಟ್ಟಳು. ಗಿರಿಜಾ ನನ್ನ ಮಣಿಕಟ್ಟನ್ನು ಬಳೆ ಒಡೆಯುವ ಹಾಗೆ ಹಿಡಿದರು. ಚಪ್ಪಾಳೆ ಕೇಳಿದ ಮೇಲಷ್ಟೇ ಹುಡುಗಿ ಕ್ಷೇಮ ಅಂತ ನಮ್ಮಿಬ್ಬರಿಗೂ ಗೊತ್ತಾಗಿದ್ದು. ಪುಕ್ಕಟೆ ಸರ್ಕಸ್ಸಿನಲ್ಲಿ ನಾವು ನೋಡಿದ್ದು ಬಲೆ ಒಂದನ್ನೇ. ನಷ್ಟವೇನೂ ಆಗಲಿಲ್ಲ ಬಿಡಿ.

"ಅಕ್ಕಾರ, ಒಂದ್ ಮಾತ ಹೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ" ಅಂದರು ಗಿರಿಜಾ, ಕೈ ಬಿಡದೆ. "ಮಗ ಏನೂ ಕೊಡಬ್ಯಾಡ ಅಂತ ಆಣಿ ಹಾಕ್ಸಿಕೊಂಡಾನ್ರಿ. ಆದ್ರ ನಾ ಉಡಿ ತುಂಬೋ ಸಾಮಾನ ತಂದೀನ್ರಿ. ಮುಂಜಾನಿಂದ ಎದಿ ಢವಢವ ಅನ್ನಾಕತ್ತೈತಿ."

ನಾನು ಸ್ವೆಟರ್ ಸರಿಸಿ ತೆಂಗಿನಕಾಯಿ ತೋರಿಸಿದೆ.

"ಅಯ್ಯ ಶಿವನ!" ಅಂದರು. ಇಬ್ಬರೂ ಎದ್ದೆವು. ಲೇಡೀಸ್ ರೂಮಿನ ಹತ್ತಿರ, ಜನರಿಲ್ಲದ ಮಷಿನ್‌ಗಳ ಸಂದಿಯಲ್ಲಿ, ಕಳ್ಳರ ಹಾಗೆ ಅತ್ತಿತ್ತ ನೋಡಿ ನಾನು ಅವರ ಹಣೆಗೆ ಕುಂಕುಮ ಇಟ್ಟು, ಕಾಯಿ, ಕಣ ಕೊಟ್ಟೆ. ಅವರು ನನಗಿಟ್ಟು, ಸೆರಗಿಗೆ ಅಕ್ಕಿ ಹಾಕಿದರು. ಸರಿಯಾಗಿ ಆ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರಿಗೋ ದೊಡ್ಡ ಮೊತ್ತ ಹೊಡೆದು, ಗಂಟೆ, ತುತ್ತೂರಿ, ದೀಪ ಎಲ್ಲ ಒಟ್ಟಿಗೆ ಶುರುವಾದವು.

"ನೋಡ್ರಿ, ನಾವು ಹೇಳದನ ಬಾಜಾ ಭಜಂತ್ರಿ ಬಂತು!" ಅಂದರು ಗಿರಿಜಾ. ನಗು ತಡೆಯಲಾಗದೆ ಇಬ್ಬರೂ ಮಷಿನ್ ಹಿಡಿದುಕೊಂಡು ನಿಂತೆವು.

ತಿರುಗಿದರೆ ಎದುರಿಗೆ ಮೇಘನಾ. ಕೈಯಲ್ಲಿ ಎರಡು ಕಾಫಿ. ಪಕ್ಕದಲ್ಲಿ ವಿನೀತ್.

ನನ್ನ ನಗು ಅಲ್ಲೇ ಒಣಗಿತು. ಸೆರಗಿನ ಅಕ್ಕಿಯನ್ನು ಎಲ್ಲಿ ಬಚ್ಚಿಡಲಿ? ಮಗಳು ನನ್ನ ಹಣೆ ನೋಡಿದಳು, ಅವರ ಹಣೆ ನೋಡಿದಳು. "ಅಮ್ಮಾ, ಯು ಪ್ರಾಮಿಸ್ಡ್" ಅಂದಳು. ಗಿರಿಜಾ, "ತಂಗಿ, ಇದು ನಮ್ಮಿಬ್ಬರದವ್ವ, ನಿನಗೇನೂ ಸಂಬಂಧ ಇಲ್ಲ" ಅಂದರು. ವಿನೀತ್ ಛಾವಣಿ ನೋಡುತ್ತಾ ನಿಂತ. ಹಿಂದಿನ ತುತ್ತೂರಿ ಇನ್ನೂ ಊದುತ್ತಲೇ ಇತ್ತು, ಅದಕ್ಕೆ ಸಂದರ್ಭ ತಿಳಿಯದು.

ಮೇಘನಾ ಕಾಫಿಗಳನ್ನು ವಿನೀತನ ಕೈಗೆ ಕೊಟ್ಟಳು. ಕೂದಲನ್ನು ಹಿಂದಕ್ಕೆ ಸರಿಸಿ, ಹಣೆಯನ್ನು ಸ್ವಲ್ಪ ಮುಂದೆ ಬಾಗಿಸಿ, "ಸೋ, ವೇರ್ ಈಸ್ ಮೈನ್?" ಅಂದಳು.

ಅವಳು ಮನಸ್ಸು ಬದಲಿಸುವ ಮೊದಲೇ ಅಂತ ಅವಸರದಲ್ಲಿ ಇಟ್ಟೆ. ಕುಂಕುಮ ಸ್ವಲ್ಪ ಓರೆಯಾಗಿಯೇ ಬಿತ್ತು. ಗಿರಿಜಾ ಸೆರಗಿನ ತುದಿಯಿಂದ ಅದನ್ನು ತಿದ್ದಿದರು.

ಆಮೇಲೆ ಹೊರಗೆ ಊಟ ಅಂತ ಒಬ್ಬರಿಗೊಬ್ಬರು ಬಲವಂತ ಮಾಡುವ ಹೊತ್ತಿಗೆ, ಎರಡೂ ರೂಮಿನಲ್ಲಿ ಬುತ್ತಿ ಇರುವುದು ಬಯಲಾಯಿತು. ನಮ್ಮ ಮಂಚದ ಮೇಲೆ ಪೇಪರ್ ಟವೆಲ್ ಹಾಸಿ, ಅವರ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ನಮ್ಮ ಪುಳಿಯೋಗರೆ, ಮೊಸರನ್ನ ತಿಂದೆವು. ಡಾಕ್ಟರು ಪುಳಿಯೋಗರೆಯನ್ನು ಮೂರು ಸಲ ಹಾಕಿಸಿಕೊಂಡು ಒಂದೇ ಮಾತು ಆಡಿದರು, "ಛಲೋ ಆಗೇದ." ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನಂತೆ, ಮಾತಿನ ಮಧ್ಯೆಯೇ, ಕೈಯಲ್ಲಿ ರೊಟ್ಟಿಯ ಚೂರು ಹಿಡಿದುಕೊಂಡು. ಬಾಗಿಲ ಚಿಲಕವನ್ನು ಯಾರು ಹಾಕಿದರೋ, ಈವರೆಗೂ ನಾನು ಕೇಳಿಲ್ಲ.