ಕಮಲಕ್ಕನ ಕೂಗು ತೆಗೆದವಳು ನಾನು

ರಘುರಾಮ್ ಸರ್, ನಿಮ್ಮ ಕೊನೆಯ ಸಿನಿಮಾವನ್ನು ಕೆಡಿಸಿದವಳು ನಾನು. ಅರಿಯದೆ ಅಲ್ಲ — ಬೇಕೆಂದೇ.

ದುಃಖ ಉಕ್ಕುವ ಗಳಿಗೆಯಲ್ಲಿ ಪರದೆಯ ಶಬ್ದವೆಲ್ಲ ಅಳಿಸಿಹೋಗಿ ಮುಖವೊಂದೇ ಉಳಿಯುವುದು — ಅದು ನಿಮ್ಮ ಶೈಲಿ ಎಂದು ಎಲ್ಲರೂ ಬರೆದರು. ಅದು ಹುಟ್ಟಿದ್ದು ಠಾಣೆಯ ಕೋಪರಿಯ ನಮ್ಮ ಎಡಿಟಿಂಗ್ ಕೋಣೆಯಲ್ಲಿ. ನಿಮ್ಮ ಮೊದಲ ಚಿತ್ರದ ಅಳುವ ದೃಶ್ಯದಲ್ಲಿ ಲೋಕಲ್ ಟ್ರೇನಿನ ಹಾರ್ನ್ ಸೇರಿ ಹಾಳಾಗಿದ್ದ ಶಬ್ದವನ್ನು ನಾನೇ ಕಿತ್ತುಹಾಕಿದ್ದೆ. ಮೊದಲು ರೇಗಿದಿರಿ, ಆಮೇಲೆ ಮತ್ತೆ ಮತ್ತೆ ಹಾಕಿಸಿ ನೋಡಿದಿರಿ. ಮರುವರ್ಷ ಟಿವಿಯಲ್ಲಿ, "ಆ ಮೌನ ಬರೆಯುವಾಗಲೇ ನನ್ನ ಮನಸ್ಸಿನಲ್ಲಿತ್ತು" ಎಂದಿರಿ. ನಾನು ಡೊಂಬಿವಲಿಯ ಮನೆಯಲ್ಲಿ ಅವಲಕ್ಕಿ ತಿನ್ನುತ್ತ ಅದನ್ನು ಕೇಳಿದೆ. ಅಂದಿನಿಂದ ನನ್ನೊಳಗೆ ಏನೋ — ಹುಳಿ ಹಿಡಿಯುತ್ತ ಹೋಯಿತು.

ಎರಡನೆಯ ಚಿತ್ರದಲ್ಲೂ ಅದೇ ಮೌನ. ಮೂರನೆಯದರಲ್ಲೂ. ಆ ಹೊತ್ತಿಗೆ ಜನ ಕಾಯತೊಡಗಿದ್ದರು, ಬೆರಗಿಗಲ್ಲ, ತಮ್ಮ ಊಹೆ ಸರಿಯಾಗಲಿ ಎಂದು. ನನಗೆ ಅದು ಕಾಣುತ್ತಿತ್ತು. ಹೊಗಳಿಕೆಯ ನಡುವೆ ನಿಮಗೆ ಕಾಣಲಿಲ್ಲ.

ನಾಲ್ಕನೆಯ ಚಿತ್ರಕ್ಕೆ ಕಮಲಕ್ಕ ಬಂದರು. ಡೊಂಬಿವಲಿಯ ಕನ್ನಡ ಸಂಘದ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದ ಉಡುಪಿ ಕಡೆಯ ಹೆಂಗಸು. ಗಂಡ ಲೋಕಲಿನಿಂದ ಬಿದ್ದು ಸತ್ತಾಗ ಚಿಕ್ಕ ಮಕ್ಕಳು ಹೆದರಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡಿದ್ದವರು. ಚಿತ್ರದಲ್ಲಿ ಸಾವಿನ ಸುದ್ದಿ ಕೇಳುವ ತಾಯಿಯ ಪಾತ್ರ ಅವರದು. ಬದಲಾಪುರದ ಚಾಳಿನಲ್ಲಿ ಶೂಟಿಂಗ್. ಕಮಲಕ್ಕ ಕೂಗಿದರು — ಅದನ್ನು ಹೇಗೆ ಹೇಳಲಿ — ಅಷ್ಟು ವರ್ಷ ನುಂಗಿದ್ದೆಲ್ಲ ಹೊರಬಂದಂತೆ. ಮುಗಿದ ಮೇಲೆ ಗೋಡೆ ಹಿಡಿದು ನಿಂತು, "ಇನ್ನೊಮ್ಮೆ ಕೇಳಬೇಡಿ ಮಾರಾಯ್ರೆ, ನನ್ನಿಂದ ಆಗುವುದಿಲ್ಲ" ಎಂದರು.

ಎಡಿಟಿಂಗ್ ಕೋಣೆಯಲ್ಲಿ ಆ ದೃಶ್ಯ ನೋಡಿ ನೀವು ಮೊದಲ ಬಾರಿಗೆ ಅಳುಕಿದಿರಿ.

"ಪ್ರತಿಭಾ, ನಿಜ ಹೇಳು. ನನ್ನದು ಹಳತಾಯ್ತಾ? ಇಲ್ಲಿ ಸೌಂಡ್ ಇಟ್ಟುಬಿಡುವನಾ?"

ಇಡಿ ಎನ್ನಬೇಕಿತ್ತು. ನನ್ನ ಕಿವಿಯಲ್ಲಿ ಇನ್ನೂ ಆ ಕೂಗಿತ್ತು. ಆದರೆ ನನಗೆ ನೆನಪಾದದ್ದು ಟಿವಿಯಲ್ಲಿನ ನಿಮ್ಮ ಮುಖ. ನಗಲಿ ಜನ ಇವನನ್ನು, ಅಂದುಕೊಂಡೆ.

"ಇಲ್ಲ ಸರ್, ಅದೇ ನಿಮ್ಮ ಸಹಿ. ಜನ ಬರುವುದೇ ಅದಕ್ಕೆ."

ನೀವು ನಂಬಿದಿರಿ. ನಾನೇ ಶಬ್ದ ತೆಗೆದೆ.

ಠಾಣೆಯ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ. ಕಮಲಕ್ಕ ಹೊಸ ಸೀರೆಯುಟ್ಟು ನನ್ನ ಪಕ್ಕದಲ್ಲಿ ಕುಳಿತಿದ್ದರು. ಚಿತ್ರದಲ್ಲಿ ಸುದ್ದಿ ತಂದವನು ಬಾಗಿಲು ಬಡಿದದ್ದೇ ತಡ, ಹಿಂದಿನ ಸಾಲಿನಲ್ಲಿದ್ದ ಕನ್ನಡದವರದೇ ಹುಡುಗನೊಬ್ಬ, "ಅಬ್ ಆವಾಜ್ ಬಂದ್ ಹೋಗಾ, ದೇಖ್" ಎಂದ. ಅವನೆಂದಂತೆಯೇ ಶಬ್ದ ಬಂದ್ ಆಯಿತು. ಸಾಲು ಸಾಲಾಗಿ ನಗು ಹಬ್ಬಿತು. ಪರದೆಯ ಮೇಲೆ ಕಮಲಕ್ಕನ ಬಾಯಿ ಸುಮ್ಮನೆ ತೆರೆದಿತ್ತು.

ಅವರು ನನ್ನ ಮೊಣಕೈ ಹಿಡಿದರು. "ಮಗಾ, ನಾನು ಕೂಗಿದ್ದು ಎಲ್ಲಿ ಹೋಯ್ತು?"

ಡೈರೆಕ್ಟರು ತೆಗೆಸಿದರು, ಎಂದೆ. ಅದು ನನ್ನ ಎರಡನೆಯ ಸುಳ್ಳು. ಅವರು ಮತ್ತೆಂದೂ ನಾಟಕದಲ್ಲೂ ಬಣ್ಣ ಹಚ್ಚಲಿಲ್ಲ.

ನಿಮಗೆ ಮತ್ತೆ ಯಾರೂ ಸಿನಿಮಾ ಕೊಡಲಿಲ್ಲ. ವರ್ಷಗಳ ನಂತರ ಮಾಜಿವಾಡಾದಲ್ಲಿ ನಿಮ್ಮ ಅಣ್ಣನ ಹೋಟೆಲಿನ ಗಲ್ಲಾದಲ್ಲಿ ಸಿಕ್ಕಿದಿರಿ. "ನೀನೊಬ್ಬಳೇ ಕೊನೆಯವರೆಗೂ ನನ್ನನ್ನು ನಂಬಿದ್ದೆ" ಎಂದಿರಿ. ನಾನು ಹೌದೆಂಬಂತೆ ತಲೆಯಾಡಿಸಿದೆ. ಅಷ್ಟು ನೀಚತನ ನನ್ನಲ್ಲಿತ್ತು.

ನಿಮ್ಮ ಮೇಲಿನ ಸಿಟ್ಟು ಈಗಲೂ ಹೋಗಿಲ್ಲ, ಸರ್. ನನ್ನದನ್ನು ಕದ್ದಿರಿ. ಅದನ್ನೇ ಸವೆಯುವವರೆಗೆ ಉಜ್ಜಿದಿರಿ. ಆದರೆ ನಾನು ಸೇಡು ತೀರಿಸಿಕೊಂಡದ್ದು — ಯಾರ ಗಂಟಲಿನಿಂದ?

ಕಮಲಕ್ಕ ಈಗ ಕಲ್ಯಾಣದಲ್ಲಿ ಮಗಳ ಜೊತೆಗಿದ್ದಾರೆ. ಭಾನುವಾರ ಹೋಗುತ್ತೇನೆ. ತಪ್ಪು ಹಂಚಿಕೊಳ್ಳಲು ನಿಮ್ಮ ಹೆಸರು ಎತ್ತುವುದಿಲ್ಲ. ಕೂಗು ತೆಗೆದವಳು ನಾನು ಎಂದಷ್ಟೇ ಹೇಳಿ, ಅವರು ಏನಂದರೂ ಕೇಳಿಸಿಕೊಂಡು ಬರುತ್ತೇನೆ.