ಬೆನ್ನಿಗೆ ಬಣ್ಣವಿಲ್ಲದ ಗೊಂಬೆಗಳು

ಮೈಸೂರಿನ ನಮ್ಮ ಮನೆಯಲ್ಲಿ ಗೊಂಬೆಯ ಬೆನ್ನಿಗೆ ಯಾರೂ ಬಣ್ಣ ಬಳಿಯುತ್ತಿರಲಿಲ್ಲ. ಬೆನ್ನು ಇರುವುದೇ ಗೋಡೆಯ ಕಡೆಗೆ. ನವರಾತ್ರಿಯಲ್ಲಿ ಮಕ್ಕಳು "ಗೊಂಬೆ ಕೂರ್ಸಿದೀರಾ?" ಎಂದು ಕೂಗುತ್ತ ನುಗ್ಗುತ್ತಿದ್ದರು, ಗೊಂಬೆಗಳ ಮುಖ ನೋಡುತ್ತಿದ್ದರು, ಚರುಪಿನ ತಿಂಡಿ ಕೈಗೆ ಬಿದ್ದ ಕೂಡಲೇ ಮುಂದಿನ ಮನೆಗೆ ಓಟ.

ಹಗಲೆಲ್ಲ ಆಫೀಸಿನಲ್ಲಿ ಬೇರೆಯವರ ಸಾಫ್ಟ್‌ವೇರಿನ ತಪ್ಪು ಹುಡುಕುವ ಗಂಡಸು ಸಂಜೆ ಕೂತು ಮಣ್ಣಿನ ಗೊಂಬೆ ಮಾಡುತ್ತಾನೆಂದರೆ ಜನ ನಗುತ್ತಾರೆ. ನಗಲಿ, ನನಗೇನು! ಅಂಗಡಿ ಶೆಟ್ಟರು, ಬಸ್ಸಿಗೆ ಕಾದು ಕಾದು ಸಿಟ್ಟಾದ ಮೇಷ್ಟ್ರು, ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು ಮಾತಾಡಲಾಗದೆ ಒದ್ದಾಡುವ ಸೋದರತ್ತೆ. ಇಂಥವರ ಮುಖಕ್ಕೆ ಹುಬ್ಬು ಎಳೆಯುವಾಗ ಸಿಗುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕೆಲಸಕ್ಕೆಂದು ಬಂದು ನೆಲೆಸಿದ ಡಚ್ಚರ ನಾಡಿನಲ್ಲಿ, ಕಾಪೆಲ್ಲೆ ಊರಿನ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಒಂದು ಗೋಡೆ ಮಹಡಿ ಮೆಟ್ಟಿಲಿಗೆ ಹೋಯಿತು, ಒಂದು ಟಿವಿಗೆ, ಒಂದು ಸೋಫಾಕ್ಕೆ. ಉಳಿದದ್ದು ಬೀದಿ ಕಡೆಯ ಆಳೆತ್ತರದ ಗಾಜು. ನಮ್ಮ ಬೀದಿಯಲ್ಲಿ ಯಾರೂ ಪರದೆ ಎಳೆಯುವುದಿಲ್ಲ. ಎಳೆದರೆ ಒಳಗೇನೋ ಕಳ್ಳ ವ್ಯವಹಾರ ಅಂದುಕೊಳ್ಳುತ್ತಾರೇನೋ ಎಂದು ನಾವೂ ಎಳೆದಿರಲಿಲ್ಲ. ಹಿಂಬದಿ ಹಲಗೆಯಿಲ್ಲದ ಶೆಲ್ಫೊಂದನ್ನು ಆ ಗಾಜಿಗೆ ಆನಿಸಿ ಗೊಂಬೆ ಕೂರಿಸಿದೆ. ಮುಖ ಒಳಗೆ, ಮನೆಗೆ ಬಂದವರ ಕಡೆಗೆ. ಹಾಗಲ್ಲದೆ ಇನ್ನು ಹೇಗೆ ಕೂರಿಸುತ್ತಾರೆ?

ಮಾರನೆಯ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಹಿಡಿದು ನಿಂತಿದ್ದಳು. "ರೀ, ಯಾರೋ ಸೈಕಲ್ ನಿಲ್ಲಿಸ್ಕೊಂಡು ನಮ್ಮನೆ ನೋಡ್ತಿದಾರೆ. ಏನ್ ಮಾಡಿದೀರಿ?"

ಅವರು ನೋಡುತ್ತಿದ್ದದ್ದು ಬೆನ್ನುಗಳನ್ನು. ಬೂದು ಮಣ್ಣು, ಬೆರಳಿನ ಗುರುತು, ಒಂದು ಚುಕ್ಕೆ ಬಣ್ಣವಿಲ್ಲ. ಸಂಜೆಯೊಳಗೆ ಬೀದಿಯ ಗ್ರೂಪಿನಲ್ಲಿ ಫೋಟೋ ಬಂತು, ಅದರ ಕೆಳಗೆ ಹೃದಯಗಳ ಸಾಲು. ಬಡಾವಣೆಯ ಕಲಾಸಮಿತಿಯ ಒಬ್ಬ ಸದಸ್ಯರು ಉದ್ದುದ್ದ ಬರೆದರು: ಇದು ಊರು ಬಿಟ್ಟು ಬಂದವರ ಮೌನ, ಲೋಕಕ್ಕೆ ಬೆನ್ನು ತಿರುಗಿಸಿದ ಮನುಷ್ಯರ ಮೆರವಣಿಗೆ. ಅಯ್ಯೋ ರಾಮ! ಅದು ಬೆಲ್ಲ ತೂಗುತ್ತಿರುವ ಶೆಟ್ಟರು ಕಣ್ರಪ್ಪ!

ಮೈಯೆಲ್ಲ ಉರಿದು, ಅವತ್ತೇ ಎಲ್ಲ ಗೊಂಬೆಗಳನ್ನೂ ಬೀದಿಗೆ ಮುಖ ಮಾಡಿ ತಿರುಗಿಸಿದೆ. ನೋಡಿ, ಕಣ್ತುಂಬ ನೋಡಿ. ಮರುದಿನ ಯಾರೂ ನಿಲ್ಲಲಿಲ್ಲ. ಸಮಿತಿಯವರು ಮಾತ್ರ ವಿಷಾದದಿಂದ ಬರೆದರು: "ಈಗ ಎಲ್ಲವನ್ನೂ ಹೇಳಿಬಿಟ್ಟಿದ್ದೀರಿ."

ಎರಡು ದಿನ ಬಿಗುಮಾನದಿಂದ ಇದ್ದೆ. ಮೂರನೆಯ ದಿನ ಗೊಂಬೆಗಳು ಮತ್ತೆ ಬೆನ್ನು ತಿರುಗಿಸಿದವು, ಹೃದಯಗಳೂ ತಿರುಗಿ ಬಂದವು. ಹೊಗಳಿಕೆ ಯಾರಿಗೆ ಬೇಡ ಹೇಳಿ.

ಮುಂದಿನ ವರ್ಷ ಸಮಿತಿಯವರು ನನ್ನ ಕಿಟಕಿಯನ್ನೂ ಬೀದಿ ಸುತ್ತಿ ಕಲೆ ನೋಡುವ ತಮ್ಮ ಕಲಾನಡಿಗೆಗೆ ಸೇರಿಸಿದರು. ನಾನು ಬರೀ ಬೆನ್ನುಗಳನ್ನೇ ಮಾಡತೊಡಗಿದೆ. ಸೈಕಲ್ ತುಳಿಯುವ ಬೆನ್ನು, ರೈಲಿಗೆ ಕಾಯುವ ಬೆನ್ನು, ಮೀನಂಗಡಿಯ ಮುಂದೆ ಬಾಗಿದ ಬೆನ್ನು. ಮುಖವಿರಬೇಕಾದಲ್ಲಿ ಹೆಬ್ಬೆರಳಿನಿಂದ ಒಂದು ಒತ್ತು, ಅಷ್ಟೇ. ಯಾರು ನೋಡುತ್ತಾರೆ? ಒಳಗೆ ಬರುವವರೇ ಇಲ್ಲ. ಇಲ್ಲಿ ಒಂದು ಲೋಟ ಕಾಫಿಗೂ ವಾರ ಮೊದಲೇ ದಿನ ಗೊತ್ತುಮಾಡಬೇಕು. ಕೆಲಸ ಸರಸರ ಸಾಗಿತು, ಆಫೀಸಿನ ಕೆಲಸದ ಹಾಗೆಯೇ. ಕುಂಚ ಮುಟ್ಟಿ ಎಷ್ಟು ಕಾಲವಾಯಿತೆಂದು ನನಗೇ ಮರೆತಿತ್ತು. ಮಣ್ಣಿನ ಮುಂದೆ ಕೂರುವುದೆಂದರೆ ಆಕಳಿಕೆ ಬರುತ್ತಿತ್ತು. ಅದು ನನ್ನನ್ನು ಹೆದರಿಸಿತು. ಇದೂ ಹೋದರೆ ನನಗೆ ಅಂತ ಉಳಿಯುವುದೇನು?

"ರೀ, ಇದು ಗೊಂಬೆನೋ ಬೀಸೋಕಲ್ಲಿನ ಗೂಟಾನೋ?" ಹೆಂಡತಿ ಸೋಫಾದಿಂದ ಕೇಳಿದಳು. "ಹಬ್ಬದ ದಿನ ನಾನು ಇವಕ್ಕೆ ಆರತಿ ಎತ್ತಬೇಕಾ? ಮೂಗಿಲ್ಲ, ಬಾಯಿಲ್ಲ!"

"ಬೀದೀಲಿ ಜನ ಮೆಚ್ಚಿದಾರೆ ಕಣೆ."

"ಹಾಗಾದ್ರೆ ಬೀದೀಲೇ ಆರತಿ ಎತ್ತಿಸ್ಕೊಳ್ಳಿ."

ಆ ಸಲದ ಗೊಂಬೆಗಳಲ್ಲಿ ಎದುರು ಮನೆಯ ಅಜ್ಜಿಯೂ ಇದ್ದರು. ಅವರು ಯಾವಾಗಲೂ ಕಿಟಕಿಗೆ ಬೆನ್ನು ಹಾಕಿ, ಕುರ್ಚಿಯಲ್ಲಿ ಕೂತು ಪದಬಂಧ ತುಂಬಿಸುತ್ತಿದ್ದರು, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು. ಹೊರಗೆ ಸಿಕ್ಕರೆ ರೇನ್‌ಕೋಟಿನ ಟೋಪಿಯೊಳಗಿಂದ ಇಲ್ಲಿಯವರ ನಮಸ್ಕಾರ, ಒಂದು "ಹೋಯ್" ಬರುತ್ತಿತ್ತು. ತುರುಬು, ಪೆನ್ಸಿಲ್, ಕುರ್ಚಿ ಎಲ್ಲವನ್ನೂ ಮಾಡಿ ಗಾಜಿಗಿಟ್ಟೆ. "ಅದು ನಾನು!" ಎಂದು ಅವರು ಗ್ರೂಪಿನಲ್ಲಿ ಸಂಭ್ರಮಪಟ್ಟರು.

ಎರಡು ದಿನ ಕಳೆದು, ಅಂಚೆಯವನು ತಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದ ನಮ್ಮ ಪಾರ್ಸೆಲ್ ಹಿಡಿದು ಅವರು ಬಾಗಿಲು ಬಡಿದರು. ಕೊಟ್ಟು ಹೋಗುವವರೇ. ಆದರೆ ನವರಾತ್ರಿಯಲ್ಲಿ ಹೊಸ್ತಿಲಿಗೆ ಬಂದವರನ್ನು ಬರಿಗೈಲಿ ಕಳಿಸುವ ಹೆಣ್ಣಲ್ಲ ನನ್ನ ಹೆಂಡತಿ. ಕೈಹಿಡಿದು ಒಳಗೆಳೆದು ಸೋಫಾದ ಮೇಲೆ ಕೂರಿಸಿ ಕಡಲೆಕಾಳು ಉಸಲಿ ಕೊಟ್ಟಳು. ಅಜ್ಜಿ ಒಂದು ಚಮಚ ಬಾಯಿಗಿಟ್ಟು ತಲೆಯೆತ್ತಿದರು. ಎದುರಿಗೆ ಶೆಲ್ಫಿನ ತುಂಬ ಹೆಬ್ಬೆರಳಿನ ಗುರುತುಗಳು.

ಎದ್ದು ಹೋಗಿ ತಮ್ಮ ಗೊಂಬೆಯ ಮುಂದೆ ಬಗ್ಗಿದರು. ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು: "ನನ್ನ ಮುಖ ಎಲ್ಲಿ?"

"ನಿಮಗೆಲ್ಲ ಬೆನ್ನೇ ಇಷ್ಟ ಅಂತ..."

"ಆ ಕಡೆ ಮುಖ ಇದೆ ಅಂದ್ಕೊಂಡೇ ತಾನೆ ನಾನು ನಿಂತು ನೋಡ್ತಿದ್ದಿದ್ದು? ಎಂಥ ಮುಖ ಇರಬಹುದು ಅಂತ ಮನೇಗೆ ಹೋದ್ಮೇಲೂ ಯೋಚಿಸ್ತಿದ್ದೆ."

ಕೋಪವಿರಲಿಲ್ಲ ಅವರ ದನಿಯಲ್ಲಿ. ಇದ್ದಿದ್ದರೆ ನಾನೂ ಜಗಳವಾಡಿ ಪಾರಾಗುತ್ತಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಗೊಂಬೆಯನ್ನು ಮೇಜಿಗೆ ತಂದು, ಒದ್ದೆ ಮಾಡಿ, ಹಸಿ ಮಣ್ಣು ಮೆತ್ತಿ ಅವರ ಎದುರು ಕೂತೆ. ಇಷ್ಟು ವರ್ಷಗಳಲ್ಲಿ ಅವರ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಎಡಹುಬ್ಬು ಬಲಕ್ಕಿಂತ ಸ್ವಲ್ಪ ಮೇಲಿತ್ತು, ಸದಾ ಏನನ್ನೋ ಕೇಳುವ ಹಾಗೆ.

"ಮೂಗು ಚಿಕ್ಕದಾಯ್ತು," ಎಂದರು. "ಸುಳ್ಳು ಮೂಗು ಮಾಡ್ಬೇಡಿ."

ಮೂಗು ಬೆಳೆಸಿದೆ. ಕುಂಚ ಹುಡುಕಿದರೆ ಕೂದಲು ಕಟ್ಟಿಗೆಯಾಗಿತ್ತು. ಹೆಂಡತಿ ಅದನ್ನು ನೆನೆಸಲು ಬಿಸಿನೀರು ತಂದಿಟ್ಟಳು. ಆ ಎಡಹುಬ್ಬನ್ನು ಎಳೆಯುವಾಗ ನನ್ನ ನಾಲಗೆ ಹಲ್ಲಿನ ಸಂದಿಯಿಂದ ಹೊರಬಂದಿತ್ತಂತೆ, ಮೊದಲಿನ ಹಾಗೆ. ಹೆಂಡತಿ ಆಮೇಲೆ ಹೇಳಿದಳು.

ಮಾರನೆಯ ಸಂಜೆ ಬಾಗಿಲ ಹೊರಗೆ ಗದ್ದಲ. ದಿನ ಗೊತ್ತುಮಾಡದೆ, ಫೋನೂ ಮಾಡದೆ ಅಜ್ಜಿ ಬೀದಿಯ ಇನ್ನೂ ಮೂವರನ್ನು ಕಟ್ಟಿಕೊಂಡು ಬಂದಿದ್ದರು. ಹೆಂಡತಿ ಯಾವಾಗ ಹೇಳಿಕೊಟ್ಟಿದ್ದಳೋ ಏನೋ, ಅಜ್ಜಿ ಕೊರಳೆತ್ತಿ ಕನ್ನಡದಲ್ಲೇ ಕೂಗಿದರು: "ಗೊಂಬೆ ಕೂರ್ಸಿದೀರಾ?"

ಅಜ್ಜಿಯ ಗೊಂಬೆಯೊಂದನ್ನು ಬಿಟ್ಟರೆ ಉಳಿದ ಯಾವುದಕ್ಕೂ ಮುಖ ಬಂದಿರಲಿಲ್ಲ. "ಒಳಗೆ ಬನ್ನಿ, ಕೂತ್ಕೊಳ್ಳಿ," ಎಂದು ಸೋಫಾ ತೋರಿಸಿ ನಾನು ಮಣ್ಣು ಕಲಸತೊಡಗಿದೆ.